ಬೇರೆ ದಾರಿಯಿಂದ ಬಂದವರಿಗೆ ಬಾಗಿಲು

ವಕೀಲರ ಕಪ್ಪು ಕೋಟಿಗೂ ವೈದ್ಯರ ಬಿಳಿ ಕೋಟಿಗೂ ನಮ್ಮ ಹಳ್ಳಿಗಳಲ್ಲಿ ಸಮನಾದ ಗೌರವವುಂಟು. ಆದರೆ ಅವೆರಡರ ಕಡೆಗೆ ಹೋಗುವ ದಾರಿಗಳು ಸಮನಾಗಿಲ್ಲ. ಮೂಡುಬಿದಿರೆಗೆ ಸಮೀಪದ ತೋಡಾರಿನಲ್ಲಿ ಇಂದು ಎಂಜಿನಿಯರಿಂಗ್ ಕಾಲೇಜೇ ಇದೆ. ಕಾಲೇಜು ಮನೆಯ ಬಳಿಗೆ ಬಂದ ಮಾತ್ರಕ್ಕೆ ವಿದ್ಯೆಯ ದಾರಿಯೆಲ್ಲ ಸಲೀಸಾಯಿತೆನ್ನುವಂತಿಲ್ಲ. ಇಂಥ ಊರಿನಲ್ಲಿ, ಬೀಡಿ ಕಟ್ಟುವ ಮನೆಯಲ್ಲಿ ಬೆಳೆದು, ಕನ್ನಡ ಮಾಧ್ಯಮದಲ್ಲಿ ಓದಿ, ಕನ್ನಡವನ್ನೇ ಐಚ್ಛಿಕವಾಗಿ ಆರಿಸಿಕೊಂಡು ಬಿ.ಎ. ಮುಗಿಸಿದ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಮೂವತ್ತು ದಾಟಿದ ಮೇಲೆ ಆಕೆಗೆ ವಕೀಲೆಯಾಗುವ, ಇಲ್ಲವೆ ವೈದ್ಯೆಯಾಗುವ ಹಂಬಲ ಹುಟ್ಟಿದರೆ ಗತಿಯೇನು? ಉತ್ತರ ನಿಯಮಗಳಲ್ಲಿದೆ. ಅವುಗಳನ್ನು ಓದಿ ಹೇಳುವವರು ಮಾತ್ರ ಅಂಥ ಮನೆಗಳಲ್ಲಿ ಇರುವುದಿಲ್ಲ.

ಮೊದಲು ಕಾನೂನಿನ ವಿಚಾರ. ಪಿ.ಯು.ಸಿ. ಮುಗಿಸಿದವರಿಗೆ 5 ವರ್ಷದ ಶಿಕ್ಷಣ, ಪದವೀಧರರಿಗೆ 3 ವರ್ಷದ ಎಲ್ಎಲ್.ಬಿ. ಎಂದು ಇಲ್ಲಿ ಎರಡು ಹಾದಿಗಳು. 3 ವರ್ಷದ ಹಾದಿಗೆ ಪದವಿ ಯಾವ ವಿಷಯದಲ್ಲಿರಬೇಕೆಂಬ ಕಟ್ಟಳೆಯಿಲ್ಲ. ಪಂಪನನ್ನು ಓದಿದವರೂ ರಸಾಯನಶಾಸ್ತ್ರವನ್ನು ಓದಿದವರೂ ಅಲ್ಲಿ ಒಂದೇ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಂತೆ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ 45, ಹಿಂದುಳಿದ ವರ್ಗದವರಿಗೆ 42, ಪರಿಶಿಷ್ಟರಿಗೆ 40 ಅಂಕಗಳಿದ್ದರೆ ಸಾಕು. 30 ವರ್ಷದ ವಯೋಮಿತಿಯನ್ನು ಹೇರುವ ಪ್ರಯತ್ನಕ್ಕೆ 2017ರಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ನೀಡಿತು.

ನಮ್ಮ ಕರಾವಳಿಯಲ್ಲಿ ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜು 1957ರಿಂದಲೂ, ಮಂಗಳೂರಿನ ಎಸ್.ಡಿ.ಎಂ. ಕಾನೂನು ಕಾಲೇಜು 1974ರಿಂದಲೂ ಇವೆ. 2009ರಲ್ಲಿ ಸ್ಥಾಪಿತವಾದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯವು ಕನ್ನಡದಲ್ಲಿಯೂ ಪರೀಕ್ಷೆ ಬರೆಯಲು ಅವಕಾಶವಿತ್ತಿದೆ. ಆದರೆ ಇದು ಅಂಚೆಯಲ್ಲಿ ಓದುವ ವಿದ್ಯೆಯಲ್ಲ. ತರಗತಿಗಳಿಗೆ ಶೇಕಡಾ 70ರಷ್ಟು ಹಾಜರಾಗತಕ್ಕದ್ದು. ದುಡಿದು ಉಣ್ಣುವವರಿಗೆ ನಿಜವಾದ ತೊಡಕು ಇರುವುದು ಅರ್ಜಿಯಲ್ಲಲ್ಲ, ಈ ಹಾಜರಿಯಲ್ಲಿ. ಆದುದರಿಂದ ಅರ್ಜಿ ಹಾಕುವ ಮುನ್ನ 3 ವರ್ಷಗಳ ಮನೆಖರ್ಚಿನ ಲೆಕ್ಕ ಹಾಕುವುದು ವಿವೇಕ. ಪದವಿ ಕೈಗೆ ಬಂದ ಮೇಲೆ ವಕೀಲರ ಪಟ್ಟಿಯಲ್ಲಿ ಹೆಸರು ದಾಖಲಿಸುವ ಶುಲ್ಕವು ಶಾಸನದಲ್ಲಿರುವಂತೆ ಸಾಮಾನ್ಯರಿಗೆ 750, ಪರಿಶಿಷ್ಟರಿಗೆ 125 ರೂಪಾಯಿಗಳನ್ನು ಮೀರಕೂಡದೆಂದು 2024ರಲ್ಲಿ ಸುಪ್ರೀಂ ಕೋರ್ಟು ವಿಧಿಸಿದೆ. ಬಡವರ ಮಕ್ಕಳಿಗೆ ಇದು ಸಣ್ಣ ಮಾತಲ್ಲ.

ವೈದ್ಯಕೀಯದ ಬಾಗಿಲು ಇದಕ್ಕಿಂತ ಕಿರಿದು. ಅಲ್ಲಿಗೆ ಬಿ.ಎ. ಪದವಿಯಿಂದ ಪ್ರಯೋಜನವಿಲ್ಲ, ಪಿ.ಯು.ಸಿ. ಮಟ್ಟದ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳು ಬೇಕು, ಅನಂತರ ನೀಟ್ ಪರೀಕ್ಷೆಯನ್ನು ಗೆಲ್ಲಬೇಕು. ಆದರೂ ಈಚಿನ ವರ್ಷಗಳಲ್ಲಿ ಅಗುಳಿ ಸ್ವಲ್ಪ ಸಡಿಲವಾಗಿದೆ. 2017ರಿಂದ ಆ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. 2022ರಲ್ಲಿ ಗರಿಷ್ಠ ವಯೋಮಿತಿ ತೆಗೆದುಹೋಯಿತು. 12ನೆಯ ತರಗತಿಯಲ್ಲಿ ಉತ್ತೀರ್ಣರಾದ ಬಳಿಕ ಈ ವಿಜ್ಞಾನ ವಿಷಯಗಳನ್ನು ಹೆಚ್ಚುವರಿಯಾಗಿ ಓದಿ ತೇರ್ಗಡೆಯಾದವರೂ ನೀಟ್‌ಗೆ ಅರ್ಹರೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರಲ್ಲಿ ಪ್ರಕಟಿಸಿತು. ಕರ್ನಾಟಕದ ಸರಕಾರಿ ಕೋಟಾದ ಸೀಟುಗಳಲ್ಲಿ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲಾತಿಯೂ ಉಂಟು. ಇದಕ್ಕೆ 1ರಿಂದ 10ನೆಯ ತರಗತಿಯವರೆಗಿನ ವ್ಯಾಸಂಗದ ಪ್ರಮಾಣಪತ್ರ ಬೇಕಾದುದರಿಂದ ಹಳೆಯ ಶಾಲೆಯ ಕಾಗದಗಳನ್ನು ಜೋಪಾನ ಮಾಡಬೇಕು. ಹೀಗೆ ದಾರಿ ಇದೆಯೆಂಬುದು ನಿಜ; ಅದು ದೀರ್ಘವೂ ಕಡಿದೂ ಆದುದೆಂಬುದೂ ಅಷ್ಟೇ ನಿಜ.

ಇನ್ನು, ಸಾಹಿತ್ಯದ ವಿದ್ಯಾರ್ಥಿ ಕಾನೂನಿಗೆ ಬರಿಗೈಯಲ್ಲಿ ಹೋಗುತ್ತಾನೆಯೇ? ಖಂಡಿತ ಇಲ್ಲ. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರವು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಒಂದು ವ್ಯಾಖ್ಯಾನ. ಪದದ ಅರ್ಥವನ್ನು ಬಿಡಿಸುವ ಆ ಕೆಲಸವೇ ಮುಂದೆ ಭಾರತದ ಬಹುಭಾಗದ ಹಿಂದೂ ಉತ್ತರಾಧಿಕಾರ ನ್ಯಾಯಕ್ಕೆ ಆಧಾರವಾಯಿತು. ತುಳುನಾಡಿನ ವ್ಯಾಜ್ಯಗಳನ್ನೇ ನೋಡಿ: ಮೂಲಗೇಣಿಯ ದಸ್ತಾವೇಜು, ಅಳಿಯಸಂತಾನದ ಕುಟುಂಬ ಪಾಲು, 1974ರ ತಿದ್ದುಪಡಿಯ ತರುವಾಯ ಭೂ ನ್ಯಾಯಮಂಡಳಿಯ ಮುಂದೆ ಬಂದ ಗೇಣಿದಾರರ ಅರ್ಜಿಗಳು. ಇವುಗಳ ಹಳೆಗಾಲದ ಕನ್ನಡವನ್ನು ಓದಿ ತಿಳಿಯುವುದಕ್ಕೆ ಭಾಷೆಯ ಸಂಸ್ಕಾರ ಬೇಕು. ಹಾಸನದಲ್ಲಿ ವಕೀಲಿ ಮಾಡುತ್ತ ಕಥೆ ಬರೆದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಂದಿತು. ಕಕ್ಷಿದಾರರ ಗೋಳನ್ನು ಆಲಿಸುವ ಕಿವಿಯೂ ಕಥೆಗಾರರ ಕಿವಿಯೂ ದೂರದವಲ್ಲ. ಇಂಗ್ಲಿಷನ್ನು ಮಾತ್ರ ಕಡೆಗಣಿಸುವಂತಿಲ್ಲ. ಉಚ್ಚ ನ್ಯಾಯಾಲಯದ ತೀರ್ಪುಗಳು ಆ ಭಾಷೆಯಲ್ಲಿವೆ. ದಿನಕ್ಕೊಂದು ಪುಟವನ್ನಾದರೂ ಓದುವ ಅಭ್ಯಾಸ ಬೇಕು.

ಮನೆಯಲ್ಲಿ ವಕೀಲರಿಲ್ಲದವರು ಕೋರ್ಟಿನ ನೋಟೀಸು ಬಂದ ದಿನ ಅದರ ಅರ್ಥ ಕೇಳುವುದಕ್ಕೇ ಬಸ್ಸು ಹತ್ತಬೇಕಾಗುತ್ತದೆ. ಆ ಮನೆಯ ಮಗಳೇ ಅದನ್ನು ಓದಿ ಹೇಳುವಂತಾದರೆ, ಲಾಭ ಅವಳೊಬ್ಬಳದಾಗಿ ಉಳಿಯುವುದಿಲ್ಲ. ನೆರೆಕರೆಯೆಲ್ಲ ಆ ಜಗಲಿಗೆ ಬರುತ್ತದೆ. ಆದುದರಿಂದ ತಡವಾಗಿ ಅರ್ಜಿ ಹಾಕಲು ಹೊರಟವರನ್ನು ಕಂಡರೆ, ಈ ವಯಸ್ಸಿನಲ್ಲಿ ಏಕೆಂದು ಕೇಳುವ ಬದಲು, ಅರ್ಜಿಯ ಕೊನೆಯ ದಿನಾಂಕ ಯಾವುದೆಂದು ವಿಚಾರಿಸುವುದು ಮೇಲು.