ಅರಮನೆಯ ಒಳಾಂಗಣದ ಛಾಯಾಚಿತ್ರ
ಸಿಂಧನೂರು, ಲಿಂಗಸೂಗೂರು, ಮಸ್ಕಿಗಳು 1948ರವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದುವು. ನಮ್ಮ ಹಿರಿಯರು ತೆತ್ತ ಕಂದಾಯವು ಆ ಬೊಕ್ಕಸಕ್ಕೇ ಸೇರುತ್ತಿದ್ದಿತು. ಆದುದರಿಂದ ಹೈದರಾಬಾದಿಗೆ ಹೋದ ನಮ್ಮವರು, ಜೀರ್ಣೋದ್ಧಾರಗೊಂಡು 2010ರಲ್ಲಿ ಯುನೆಸ್ಕೋ ಪುರಸ್ಕಾರವನ್ನು ಪಡೆದ ಚೌಮಹಲ್ಲಾ ಅರಮನೆಯನ್ನು ಅವಶ್ಯವಾಗಿ ನೋಡತಕ್ಕದ್ದು.

ಅಲ್ಲಿಯ ಖಿಲ್ವತ್ ದರ್ಬಾರಿನಲ್ಲಿ 19 ಸ್ಫಟಿಕದ ತೂಗುದೀಪಗಳಿವೆ. ನಾನು ಮೊದಲು ದೀಪಗಳನ್ನೇ ನಡುವೆ ಇಟ್ಟು ಛಾಯಾಚಿತ್ರವನ್ನು ತೆಗೆದೆನು. ದೀಪಗಳು ಮಾತ್ರ ಹೊಳೆದುವು, ಗೋಡೆಯ ಗಾರೆಯ ಕುಸುರಿಯೆಲ್ಲ ಕತ್ತಲೆಯಲ್ಲಿ ಮುಳುಗಿತು. ಬಳಿಕ ಹೊರಗಿನ ಬೆಳಕನ್ನು ಬೆನ್ನಿಗಿಟ್ಟುಕೊಂಡು, ಮೊಣಕೈಗಳನ್ನು ಪಕ್ಕೆಗೊತ್ತಿ, ಉಸಿರನ್ನು ಬಿಗಿಹಿಡಿದು ತೆಗೆಯಲು, ಕುಸುರಿಯು ಸ್ಪಷ್ಟವಾಗಿ ಮೂಡಿತು.

ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರುಂಟು, ಕೊರೆದವನ ಹೆಸರಿಲ್ಲ. ವಾಚಕ ಮಹಾಶಯರೇ, ಮನೆಯಲ್ಲಿ ಮಕ್ಕಳಿಗೆ ಚಿತ್ರವನ್ನು ತೋರಿಸುವಾಗ ದೊರೆಯೊಡನೆ ಆ ಗಾರೆಯವನನ್ನೂ, ಕಂದಾಯ ತೆತ್ತ ರೈತನನ್ನೂ ನೆನೆಯೋಣ.