ತೂತು ಬಿದ್ದಷ್ಟೂ ಗಟ್ಟಿ!

ಮಧುಗಿರಿ ಸೀಮೆಯ ಐ.ಡಿ.ಹಳ್ಳಿ ಕಡೆಯ ಹಿತ್ತಿಲಲ್ಲಿ ಕೋಳಿಮರಿ ಕವುಚುವ ಬಿದಿರು ಬುಟ್ಟಿ ಕಂಡರೆ, ಅದರ ಆರುಮೂಲೆ ಕಣ್ಣುಗಳನ್ನು ಒಮ್ಮೆ ನೋಡಿ. ಅದೇ ಹೆಣಿಗೆಯನ್ನು ಕಾರ್ಬನ್ ಪರಮಾಣುಗಳಲ್ಲಿ ಹೆಣೆದು, ಚಾಪೆಯಂತೆ ಸುತ್ತಿಬಿಟ್ಟರೆ? ಕೂದಲೆಳೆಗಿಂತ ಹತ್ತಾರು ಸಾವಿರ ಪಟ್ಟು ಸಣ್ಣ ನಳಿಗೆ! 1991ರಲ್ಲಿ ಜಪಾನಿನ ವಿಜ್ಞಾನಿ ಸುಮಿಯೊ ಈಜಿಮಾ ಇದನ್ನು ಜಗತ್ತಿಗೆ ತೋರಿಸಿದರು. ಸುತ್ತುವ ಓರೆ ಕೊಂಚ ಬದಲಾದರೂ ಸಾಕು, ಲೋಹದಂತೆ ಕರೆಂಟು ಹರಿಸುವ ನಳಿಗೆ ಅರೆವಾಹಕವಾಗಿಬಿಡುತ್ತದೆ. ಅದೂ ನಮ್ಮ ಒಲೆಯ ಇದ್ದಿಲಿನ ನೆಂಟ!

ಈಗ ಈ ಪರಮಾಣು ಬುಟ್ಟಿಗೆ ತೂತು ಹಾಕಿ ನೋಡೋಣ; ಅದಕ್ಕೆ ಒಂದು ಪರಮಾಣು ಕೀಳಬೇಕು. ಪಾವಗಡದ ಬಿಸಿಲು ಸಾಲದೆ? ಸಾಲದು. ಕಣ್ಣಿಗೆ ಕಾಣುವ ಬೆಳಕಿನ ಕಣದ ಕಸುವು ಹೆಚ್ಚೆಂದರೆ ಸುಮಾರು 3 ಎಲೆಕ್ಟ್ರಾನ್ ವೋಲ್ಟ್. ಕೀಳಲು ಬೇಕಾದದ್ದು ಸುಮಾರು 17. ಎಲೆಕ್ಟ್ರಾನನ್ನೇ ಎಸೆಯೋಣವೆಂದರೆ ಅದರ ತೂಕ ಕಾರ್ಬನ್ ಪರಮಾಣುವಿನ 22,000ದಲ್ಲಿ ಒಂದು ಪಾಲು. ಕಡಲೆಬೀಜ ಎಸೆದು ಮಧುಗಿರಿ ಬೆಟ್ಟದ ಗುಂಡು ಉರುಳಿಸುವ ಕೆಲಸ! ಹಾಗಾಗಿ 86,000 ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನ ರಭಸ ಬೇಕು.

ಪೆಟ್ಟು ಬಿದ್ದ ಮೇಲಿನದೇ ಸೋಜಿಗ. ತೂತಿನ ಅಂಚಿನಲ್ಲಿ ಕೈ ಖಾಲಿಯಾದ ಪರಮಾಣುಗಳು ಅಕ್ಕಪಕ್ಕದವರ ಕೈ ಹಿಡಿಯುತ್ತವೆ! 2002ರಲ್ಲಿ, 800 ಡಿಗ್ರಿ ಕಾವಿನಲ್ಲಿ ಎಲೆಕ್ಟ್ರಾನು ಸುರಿದಾಗ, ಅಡ್ಡಡ್ಡ ಬಿದ್ದಿದ್ದ ಎರಡು ನಳಿಗೆಗಳು ಬೆಸುಗೆ ಹಾಕಿದಂತೆ ಒಂದಾದವು. 2004ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ, ಒಂದರ ಮೇಲೊಂದು ಜಾರುತ್ತಿದ್ದ ನಳಿಗೆಗಳ ಕಟ್ಟು ವಿಕಿರಣ ಬಿದ್ದ ಮೇಲೆ ಬಾಗುವುದಕ್ಕೆ ಮೂವತ್ತು ಪಟ್ಟು ಬಿಗಿಯಾಯಿತು. ಅತಿಯಾದರೆ ಹಾಳೇ ಅನ್ನಿ.

ಮೈ ಗಟ್ಟಿಯಾಯಿತು, ಕರೆಂಟಿನ ಗತಿ? 2005ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನ ವಿಜ್ಞಾನಿಗಳು ಆರ್ಗಾನ್ ಅಯಾನುಗಳಿಂದ ನಳಿಗೆಗೆ ಹೊಡೆದು ಅಳೆದರು. ಜೋಡಿ ಪರಮಾಣು ಹಾರಿಹೋದ ತೂತುಗಳು ಬರೀ ಶೇ. 0.03. ರೋಧ ಏರಿದ್ದು ಸಾವಿರ ಪಟ್ಟು! ಎಲೆಕ್ಟ್ರಾನು ಅಲೆಯೂ ಹೌದಲ್ಲ; ತೂತಿನಿಂದ ತೂತಿಗೆ ಮರುದನಿಯಂತೆ ಬಡಿದು ಬಡಿದು ದಾರಿಯಲ್ಲೇ ಸಿಕ್ಕಿಬೀಳುತ್ತದೆ. ಬೆಸುಗೆ ಹಾಕುವ ಪೆಟ್ಟೇ ತಂತಿಯ ಬಾಯನ್ನೂ ಕಟ್ಟುತ್ತದೆ. ಎಷ್ಟು ಹೊಡೆಯಬೇಕೆಂಬ ಹದದಲ್ಲೇ ವಿದ್ಯೆಯೆಲ್ಲ ಇರುವುದು.

ನಳಿಗೆ ಬೆಸೆಯುವಂಥ ಎಲೆಕ್ಟ್ರಾನು ಮಳೆ ಕಾಣಲು ವಿದೇಶದವರೆಗೆ ಹೋಗಬೇಕಿಲ್ಲ. ಮಂಗಳೂರು ವಿಶ್ವವಿದ್ಯಾಲಯದ ಮೈಕ್ರೋಟ್ರಾನ್ ಯಂತ್ರ ಎಸೆಯುವ ಎಲೆಕ್ಟ್ರಾನಿನ ಕಸುವು 80 ಲಕ್ಷ ಎಲೆಕ್ಟ್ರಾನ್ ವೋಲ್ಟ್, ಒಂದು ಪರಮಾಣು ಕೀಳಲು ಎಲೆಕ್ಟ್ರಾನಿಗೆ ಬೇಕಾದ ಆ 86,000ದ ತೊಂಬತ್ತು ಪಟ್ಟಿಗೂ ಮಿಗಿಲು.