ವೇತನವಿಲ್ಲದ ಅಧ್ಯಾಪಿಕೆ

ಶಕ್ತಿಯು ಹೊಸದಾಗಿ ಹುಟ್ಟುವುದಿಲ್ಲ, ನಾಶವಾಗುವುದೂ ಇಲ್ಲವೆಂಬ ನಿಯಮವನ್ನು ನಾವೆಲ್ಲರೂ ಪ್ರೌಢಶಾಲೆಯಲ್ಲಿಯೇ ಕಲಿತಿದ್ದೇವೆ. ಅದು ಹಾಗೇಕೆ? ಈ ಪ್ರಶ್ನೆಗೆ 1918ರಲ್ಲಿ ಆಳವಾದ ಉತ್ತರವನ್ನಿತ್ತವರು ಜರ್ಮನಿಯ ಗಣಿತಜ್ಞೆ ಎಮ್ಮಿ ನೋಥರ್. ಪ್ರಕೃತಿಯ ನಿಯಮಗಳು ಇಂದಿನಂತೆಯೇ ನಾಳೆಯೂ ಇರುತ್ತವೆ. ಕಾಲದಲ್ಲಿನ ಈ ಸಮ್ಮಿತಿಯ ಫಲವೇ ಶಕ್ತಿಯ ಸಂರಕ್ಷಣೆ. ಸ್ಥಳ ಬದಲಾದರೂ ನಿಯಮ ಬದಲಾಗದು. ಅದರಿಂದ ಸಂವೇಗದ ಸಂರಕ್ಷಣೆ. ಭೌತವಿಜ್ಞಾನದಲ್ಲಿ ಇಷ್ಟು ಸುಂದರವಾದ ಪ್ರಮೇಯಗಳು ಹೆಚ್ಚಿಲ್ಲ.

ಇದನ್ನು ಸಾಧಿಸಿದಾಗ ಗಾಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ ಅವರಿಗೆ ಹುದ್ದೆಯೇ ಇರಲಿಲ್ಲ. 1915ರಲ್ಲಿ ಹಿಲ್ಬರ್ಟ್ ಮತ್ತು ಕ್ಲೈನ್ ಅವರನ್ನು ಅಲ್ಲಿಗೆ ಕರೆಸಿಕೊಂಡಿದ್ದರು. ಆದರೆ ಸ್ತ್ರೀಗೆ ಅಧ್ಯಾಪನದ ಅಧಿಕಾರ ಸಲ್ಲದೆಂದು ಪ್ರಾಧ್ಯಾಪಕರಲ್ಲಿ ಹಲವರು ಪಟ್ಟುಹಿಡಿದರು. ಉಪನ್ಯಾಸಗಳ ಪ್ರಕಟಣೆಯಲ್ಲಿ ಹಿಲ್ಬರ್ಟರ ಹೆಸರು. ಪಾಠ ಹೇಳುತ್ತಿದ್ದವರು ನೋಥರ್! ನಮಗಿಂದು ನಗು ಬರಬಹುದು. ಸಂಬಳವಿಲ್ಲದೆ ದುಡಿದವರಿಗೆ ಅದು ನಗೆಯ ವಿಷಯವಾಗಿರಲಾರದು. 1919ರಲ್ಲಿ ಅಧ್ಯಾಪನದ ಅಧಿಕಾರ ದೊರೆಯಿತು, 1922ರಲ್ಲಿ ವೇತನವಿಲ್ಲದ ಪ್ರಾಧ್ಯಾಪಕ ಪದವಿ, ಮರುವರ್ಷ ಬೀಜಗಣಿತದ ಪಾಠಕ್ಕೆಂದು ಅಲ್ಪ ಸಂಭಾವನೆ. ಪೂರ್ಣ ಪ್ರಾಧ್ಯಾಪಕತ್ವ ಕೊನೆಯವರೆಗೂ ಬರಲಿಲ್ಲ.

1933ರ ಏಪ್ರಿಲಿನಲ್ಲಿ ನಾಜಿ ಸರ್ಕಾರವು ಯೆಹೂದ್ಯ ನೌಕರರನ್ನು ಹೊರಹಾಕುವ ಕಾನೂನನ್ನು ತಂದಿತು. ಯೆಹೂದ್ಯರಾದ ನೋಥರ್ ಇದ್ದುದನ್ನೂ ಕಳೆದುಕೊಂಡರು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಸಹ ಹೋಗಬೇಕಾಯಿತು. ಜೇಮ್ಸ್ ಫ್ರಾಂಕ್ ಪ್ರತಿಭಟಿಸಿ ರಾಜೀನಾಮೆಯಿತ್ತರು. ಕಲಿಸಬಲ್ಲವರು ಯಾರೆಂದು ಕೇಳದೆ ಅವರು ಯಾವ ಕುಲದವರೆಂದು ಕೇಳಿದ ವಿಶ್ವವಿದ್ಯಾನಿಲಯದಲ್ಲಿ, ವಿದ್ಯಾರ್ಥಿಗಳು ಗುರುಗಳನ್ನು ಕಳೆದುಕೊಂಡರು.

ನೋಥರ್ ಅಮೆರಿಕದ ಬ್ರಿನ್ ಮಾರ್ ಮಹಿಳಾ ಕಾಲೇಜಿಗೆ ತೆರಳಿದರು. ಅಲ್ಲಿ ಅವರು ಕಲಿಸಿದ್ದು ಎರಡು ವರ್ಷವೂ ತುಂಬಲಿಲ್ಲ. 1935ರ ಏಪ್ರಿಲಿನಲ್ಲಿ, ಶಸ್ತ್ರಚಿಕಿತ್ಸೆಯ ಬಳಿಕ, ತಮ್ಮ 53ನೆಯ ವಯಸ್ಸಿನಲ್ಲಿ ತೀರಿಕೊಂಡರು.